ಹೈಟಿ ವಿಷಯಕ್ಕೆ ಮಾವನ ಪತ್ರ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ "ಹೈಟಿಯವ್ರು ಸ್ವತಂತ್ರ ಆಗಿ ಇನ್ನೂರು ವರ್ಷ ಆಯ್ತು, ಇನ್ನೂ ಉದ್ಧಾರ ಆಗ್ಲಿಲ್ಲ, ಸೋಮಾರಿಗಳು" ಅಂತ ಹಾಕಿದ್ಯಲ್ಲ. ಎಲ್ಲರ ಮುಂದೆ ಬೈಯೋದು ಬೇಡ ಅಂತ ಇಲ್ಲಿ ಬರೀತಿದ್ದೀನಿ. ಬ್ಯಾಂಕಲ್ಲಿ ಸಾಲದ ಫೈಲು ನೋಡ್ಕೊಂಡೇ ತಲೆ ಬೆಳ್ಳಗಾದವನು ನಾನು, ಯಾರಾದ್ರೂ ಬಡವರು ಅಂದ್ರೆ ಅವರ ಮೇಲೆ ಸಾಲ ಎಷ್ಟಿತ್ತು, ಯಾರಿಗೆ, ಯಾಕೆ ಅಂತ ಮೊದಲು ಕೇಳ್ತೀನಿ. ನೀನೂ ಕೇಳೋದು ಕಲಿ ಕಣೋ.

ಹೈಟಿ ಅನ್ನೋದು ಕೆರಿಬಿಯನ್ ಸಮುದ್ರದ ಒಂದು ದೇಶ, ಸ್ವತಂತ್ರ ಆಗೋ ಮುಂಚೆ ಫ್ರಾನ್ಸಿನ ವಸಾಹತು, ಸಾಂ ದೊಮಾಂಗ್ ಅಂತ ಹೆಸರು. 1780ರ ದಶಕದಲ್ಲಿ ಯುರೋಪಿನವ್ರು ತಿಂತಿದ್ದ ಸಕ್ಕರೇಲಿ ಸುಮಾರು 40 ಪರ್ಸೆಂಟು, ಕಾಫೀಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದ್ಲೇ. ದುಡೀತಿದ್ದೋರು ಸುಮಾರು 5 ಲಕ್ಷ ಗುಲಾಮರು. ಅವರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲಿ ಹುಟ್ಟಿ ಹಡಗಲ್ಲಿ ಬಂದವರೇ, ಯಾಕಂದ್ರೆ ಕಬ್ಬಿನ ತೋಟದಲ್ಲಿ ಜನ ಎಷ್ಟು ಬೇಗ ಸಾಯ್ತಿದ್ರು ಅಂದ್ರೆ ವರ್ಷವರ್ಷ ಹೊಸಬರನ್ನ ಕೊಂಡು ತುಂಬಿಸ್ಬೇಕಿತ್ತು. 1791ರಲ್ಲಿ ದಂಗೆ ಎದ್ರು, ನೆಪೋಲಿಯನ್ ಕಳಿಸಿದ ಸೈನ್ಯಾನೂ ಸೋಲಿಸಿದ್ರು, 1804ರ ಜನವರಿ 1ಕ್ಕೆ ಸ್ವತಂತ್ರ ಅಂತ ಘೋಷಿಸಿದ್ರು. ಅವರ ನಾಯಕ ತೂಸಾಂ ಲೂವರ್ತ್ಯೂರ್‌ನ ಫ್ರೆಂಚರು ಮಾತುಕತೆಗೆ ಅಂತ ಕರೆದು ಹಿಡ್ಕೊಂಡು ಹೋಗಿದ್ರು, ಪಾಪ ಫ್ರಾನ್ಸಿನ ಚಳಿ ಕೋಟೇಲಿ 1803ರಲ್ಲೇ ತೀರ್ಕೊಂಡ.

ಈಗ ಸಾಲದ ವಿಷಯಕ್ಕೆ ಬಾ. 1825ರಲ್ಲಿ ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ 14 ಯುದ್ಧನೌಕೆ ಕಳಿಸಿ, 15 ಕೋಟಿ ಫ್ರಾಂಕ್ ಕೊಟ್ರೆ ನಿಮ್ಮ ಸ್ವಾತಂತ್ರ್ಯ ಒಪ್ಕೋತೀವಿ ಅಂದ. ಯಾಕಪ್ಪಾ ಅಂದ್ರೆ ತೋಟದ ಮಾಲೀಕರಿಗೆ ಆದ ಲಾಸ್‌ಗೆ ಪರಿಹಾರವಂತೆ, ಆ ಲಾಸಲ್ಲಿ ಈ ಜನಾನೂ ಸೇರಿದ್ರು! ಅಂದ್ರೆ ತಮ್ಮ ಮೈಗೆ ತಾವೇ ದುಡ್ಡು ಕಟ್ಬೇಕು. ಐದು ಕಂತು, ಮೊದಲ ಕಂತಿಗೇ ಖಜಾನೇಲಿ ಕಾಸಿಲ್ಲ. ಪ್ಯಾರಿಸ್ಸಿನ ಬ್ಯಾಂಕರ್‌ಗಳ ಹತ್ರ 3 ಕೋಟಿ ಸಾಲ ಎತ್ತಿದ್ರೆ ಅವ್ರು 60 ಲಕ್ಷ ಮೊದಲೇ ಮುರ್ಕೊಂಡು 2.4 ಕೋಟಿ ಕೊಟ್ರು. ನಮ್ಮೂರ ಬಡ್ಡಿ ಸಾಹುಕಾರನೂ ನಾಚ್ಕೋಬೇಕು! 1838ರಲ್ಲಿ ಒಟ್ಟು ಮೊತ್ತಾನ 9 ಕೋಟಿಗೆ ಇಳಿಸಿದ್ರು ಅನ್ನು, ಆದ್ರೂ ಸಾಲ ತೀರ್ಸೋಕೆ ಮತ್ತೆ ಸಾಲ, ಅದರ ಬಾಲ 20ನೇ ಶತಮಾನದವರೆಗೂ ಎಳೀತು. ಅಮೆರಿಕದವ್ರಂತೂ ಅದೊಂದು ದೇಶ ಅಂತ ಮಾನ್ಯತೆ ಕೊಟ್ಟಿದ್ದೇ 1862ರಲ್ಲಿ.

ಬ್ರಿಟಿಷರೂ ಅಷ್ಟೇ, 1833ರ ಕಾನೂನಲ್ಲಿ ಗುಲಾಮಗಿರಿ ತೆಗೆದು 2 ಕೋಟಿ ಪೌಂಡ್ ಕೊಟ್ಟಿದ್ದು ಮಾಲೀಕರಿಗೆ.

ಹಾಗಂತ ಅಲ್ಲಿ ಆಳಿದವ್ರೆಲ್ಲ ಸಾಚಾ ಅಲ್ಲ, 1957ರಿಂದ 1986ರವರೆಗೆ ಡುವಾಲಿಯೇ ಅನ್ನೋ ಸರ್ವಾಧಿಕಾರಿ ಅಪ್ಪ ಮಗ ಸೇರಿ ದೇಶನ ದೋಚಿದ್ರು, ಅದನ್ನೂ ಓದು. ಆದ್ರೆ ಅದೊಂದನ್ನೇ ಓದ್ಬೇಡ.

ರಜಕ್ಕೆ ಊರಿಗೆ ಬಂದಾಗ ಆ ಕಂತಿನ ಲೆಕ್ಕ ಕೂತು ಹಾಕೋಣ. ಅಕ್ಕನಿಗೆ ಬಿಪಿ ಮಾತ್ರೆ ತಪ್ಪಿಸ್ಬೇಡ ಅಂತ ಹೇಳು.

ಇಂತಿ ನಿನ್ನ ಸೋದರಮಾವ