ಒಂದೇ ತೋಪು, ಮೂರು ಮನಸ್ಸು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮೂರ ಅರಳಿಕಟ್ಟೆ ಹತ್ತಿರ ಕೃಷಿ ಅರಣ್ಯದ, ಅಂದರೆ ಹೊಲದಲ್ಲೇ ಮರ ಬೆಳೆಸುವುದರ ಬಗ್ಗೆ ಒಂದು ಸಭೆ ನಡೆಯಿತು. ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟರು. ಸರ್ವೆ ನಂಬರ್, ಎಷ್ಟು ಎಕರೆ, ಯಾವ ಮರ, ಎಷ್ಟು ಮರ. ಅಷ್ಟೇ. ಈ ಮರ ಯಾಕೆ ಇಟ್ಟುಕೊಂಡಿದ್ದೀರಿ, ಯಾವಾಗ ಕಡಿಯುತ್ತೀರಿ ಅಂತ ಕೇಳುವ ಕಾಲಂ ಅದರಲ್ಲಿ ಇರಲಿಲ್ಲ. ನಾನು ಬರೆಯುತ್ತಿರುವುದು ಆ ಇಲ್ಲದ ಕಾಲಂ ಬಗ್ಗೆ.

ಮಾಲೂರು ತಾಲ್ಲೂಕಿನಲ್ಲಿ ನಮ್ಮಪ್ಪ ಬಿಟ್ಟುಹೋದ ನಾಲ್ಕು ಎಕರೆ ನೀಲಗಿರಿ ತೋಪಿದೆ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಸಸಿ ಹಂಚಿದಾಗ ರಾಗಿ ಹೊಲದಲ್ಲಿ ನೆಟ್ಟದ್ದು. ಈಗ ಅಣ್ಣ, ನಾನು, ತಂಗಿ ಮೂವರಿಗೂ ಪಾಲಿದೆ. ಫಾರಂನಲ್ಲಿ ಮೂವರದ್ದೂ 'ನೀಲಗಿರಿ' ಅಂತಲೇ ಬರುತ್ತೆ.

ಅಣ್ಣ ಕೆ.ಆರ್. ಪುರದಲ್ಲಿ ಮನೆ ಮಾಡಿಕೊಂಡಿದ್ದಾರೆ. ಊರಿಗೆ ಬರುವುದು ಪಿತೃಪಕ್ಷಕ್ಕೆ ಮಾತ್ರ. ಕೂಲಿ ಬೇಡ, ಗೊಬ್ಬರ ಬೇಡ, ಕಾವಲೂ ಬೇಡ. ಐದಾರು ವರ್ಷಕ್ಕೊಮ್ಮೆ ಕಂಟ್ರಾಕ್ಟರ್ ದುಡ್ಡು ಕೈಗಿಟ್ಟರೆ ಆಯಿತು. ತಂಗಿಗೆ ತೋಪು ಅಂದರೆ ಚೀಟಿ ಹಾಕಿದ ಹಾಗೆ. ಮಗಳು ಕಾಲೇಜು ಸೇರುವವರೆಗೆ ಮುಟ್ಟಬೇಡಿ ಅಂತಿದ್ದಳು. ನನಗೋ ಎಲ್ಲ ಕಿತ್ತುಹಾಕಿ ಮತ್ತೆ ರಾಗಿ ಬಿತ್ತುವ ಆಸೆ. ಬದುವಿನ ಮೇಲಿರುವ ಹುಣಸೆ, ಹೊಂಗೆ ಸಾಕು.

ಕೊನೆಗೆ ನಡೆಯುವುದು ಅವಸರ ಇದ್ದವರ ಮಾತು. ಅರ್ಧ ಲಾರಿ ಮಾಲಿಗೆ ಕಂಟ್ರಾಕ್ಟರ್ ಬರುವುದಿಲ್ಲ. ಹೋದ ಸಲ ಮಗನಿಗೆ ಸೈಟು ತೆಗೆದುಕೊಳ್ಳಬೇಕು ಅಂತ ಅಣ್ಣ ಮಾತಾಡಿಬಿಟ್ಟರು. ನಾಲ್ಕೂ ಎಕರೆ ಒಟ್ಟಿಗೆ ಹೋಯಿತು. ತೂಕ ಇಲ್ಲ, ಏನಿಲ್ಲ, ಸುಮ್ನೆ ಕಣ್ಣಂದಾಜು. ಇನ್ನೆರಡು ವರ್ಷ ಬಿಟ್ಟಿದ್ದರೆ ಕಂಬಕ್ಕೆ ಆಗುತ್ತಿದ್ದ ತಂಗಿಯ ಪಾಲಿನ ಮರ ಸೌದೆ ರೇಟಿಗೆ ಇಟ್ಟಿಗೆ ಗೂಡು ಸೇರಿತು. ಅವಳು ಜಗಳ ಆಡಲಿಲ್ಲ. ಆರು ತಿಂಗಳು ಫೋನ್ ಮಾಡಲಿಲ್ಲ, ಅಷ್ಟೇ.

ಕಡಿದ ಒಂದೆರಡು ತಿಂಗಳಿಗೆ ಹೋಗಿ ನೋಡಿದರೆ ಪ್ರತಿ ಬೊಡ್ಡೆಯ ಸುತ್ತ ಏಳೆಂಟು ಚಿಗುರು, ಮೊಣಕಾಲೆತ್ತರ. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ 2017ರಲ್ಲಿ ಆದೇಶ ಮಾಡಿತು, ಸರಿ. ಇದನ್ನು ಯಾರೂ ನೆಟ್ಟಿಲ್ಲವಲ್ಲ, ತಾನೇ ಬರುತ್ತೆ. ಬೊಡ್ಡೆ ಕೀಳಿಸಲು ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ಕೊಡಬೇಕು. ಮರದಿಂದ ಬಂದ ದುಡ್ಡು ಬೊಡ್ಡೆಗೇ ಹೋಗುವಂತೆ ಕಂಡಿತು. ಮುಕ್ಕಾಲು ಎಕರೆ ಕೀಳಿಸಿ ಕೈಬಿಟ್ಟೆ. ಆಸೆ ಇರುವ ನನಗೇ ಹೀಗೆ. ಅಣ್ಣ ಯಾಕೆ ಕೀಳಿಸುತ್ತಾರೆ ಹೇಳಿ?

ಕಾನೂನೂ ಮನಸ್ಸು ಬದಲಿಸುತ್ತೆ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಜಮೀನಿನ ನೀಲಗಿರಿ, ಸರ್ವೆ ಮರ, ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ. ಹುಣಸೆಗೆ ಅರ್ಜಿ ಹಾಕಬೇಕು ಅನ್ನುತ್ತಾರೆ. ಕಾಯ್ದೆ ಮರ ಉಳಿಯಲಿ ಅಂತಲೇ ಮಾಡಿದ್ದು, ತಪ್ಪು ಅನ್ನಲ್ಲ. ಆದರೆ ನಮ್ಮ ಪಕ್ಕದ ಹೊಲದವರು ಬದುವಿನಲ್ಲಿ ತಾನಾಗಿ ಹುಟ್ಟಿದ ಹುಣಸೆ ಸಸಿಯನ್ನು ಗೇಣುದ್ದ ಇರುವಾಗಲೇ ಕಿತ್ತು ಎಸೆಯುತ್ತಾರೆ. "ನಾಳೆ ಕಚೇರಿ ಸುತ್ತೋರು ಯಾರು?" ಅಂತ ಕೇಳುತ್ತಾರೆ. ಸಸಿ ಉಳಿಸಿದವರಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ದುಡ್ಡು ಕೊಡುತ್ತಾರೆ, ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ನೀರು ಹೊರಲು ಊರಲ್ಲಿ ಜನ ಇರಬೇಕಲ್ವಾ?

ಹಾಗಾಗಿ ಆ ಫಾರಂನಲ್ಲಿ ಎರಡು ಪ್ರಶ್ನೆ ಸೇರಿಸಿ: ಯಾಕೆ ಇಟ್ಟಿದ್ದೀರಿ, ಯಾವಾಗ ಕಡಿಯುತ್ತೀರಿ. ನನ್ನಂಥವರಿಗೆ ಬೊಡ್ಡೆ ಕೀಳುವ ಖರ್ಚಿಗೆ ನೆರವು ಬೇಕು. ತಂಗಿಯಂಥವರಿಗೆ ಅಕ್ಕಪಕ್ಕದವರ ಮಾಲು ಸೇರಿಸಿ ತೂಕದ ಮೇಲೆ ಮಾರುವ ವ್ಯವಸ್ಥೆ ಬೇಕು. ಅಣ್ಣನಂಥವರಿಗೆ ಏನು ಮಾಡಬೇಕೋ, ಅದನ್ನು ಅವರನ್ನೇ ಕೇಳಬೇಕು.

ನನ್ನ ಫಾರಂ ಇನ್ನೂ ಕೊಟ್ಟಿಲ್ಲ. ಹಿಂದುಗಡೆ ಖಾಲಿ ಜಾಗದಲ್ಲಿ ನನ್ನದೂ ತಂಗಿಯದೂ ಬರೆದು ಸಹಿ ಆಗಿದೆ. ಅಣ್ಣನದು ಬಾಕಿ. ಪಿತೃಪಕ್ಷಕ್ಕೆ ಬರುತ್ತಾರಲ್ಲ, ಆಗ ಕೇಳುತ್ತೇನೆ.

ಇಂತಿ,
ಒಬ್ಬ ರೈತ, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ