ಮಗಳಿಗೊಂದು ಪತ್ರ: ನಿನ್ನ ಕಾದಂಬರಿಯನ್ನು ನೀನೇ ಅಚ್ಚು ಹಾಕಿಸುವ ಮುನ್ನ

ಶಿವಮೊಗ್ಗ
ಭಾನುವಾರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಎಂಟು ತಿಂಗಳು ಕಾಯಿಸಿದ ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರೆಂದೂ, ಇನ್ನು ಯಾರ ಬಾಗಿಲಿಗೂ ಹೋಗದೆ ಕಾದಂಬರಿಯನ್ನು ನೀನೇ ಪ್ರಕಟಿಸುವೆಯೆಂದೂ ಮೊನ್ನೆ ನೀನು ಫೋನಿನಲ್ಲಿ ಹೇಳಿದಾಗ ನಾನು ಹೆಚ್ಚು ಮಾತನಾಡಲಿಲ್ಲ. ಮೂರು ವರ್ಷಗಳ ಹಿಂದೆ, ನಿವೃತ್ತಿಯಾದ ಮರುವರ್ಷ, ನನ್ನ ಮೊದಲ ಕಾದಂಬರಿಯನ್ನು ನಾನೇ ಅಚ್ಚು ಹಾಕಿಸಿದಾಗ ಕಲಿತದ್ದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗದು ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಿನ್ನ ನಿರ್ಧಾರವನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಸ್ವಂತ ಪ್ರಕಟಣೆಯ ನಿಜವಾದ ಕಷ್ಟ ದುಡ್ಡಿನದಲ್ಲ, ತಡೆಯುವವರು ಯಾರೂ ಇಲ್ಲದಿರುವುದು. ಮುದ್ರಣಾಲಯದವರು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಅಚ್ಚು ಮಾಡುತ್ತಾರೆ. ನನ್ನ ಕಾದಂಬರಿಯ ನಾಲ್ಕನೆಯ ಅಧ್ಯಾಯದಲ್ಲಿ ತೀರಿಕೊಂಡ ಶೇಷಪ್ಪ ಹನ್ನೊಂದನೆಯ ಅಧ್ಯಾಯದಲ್ಲಿ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದ. ನಾನು ಆರು ಸಲ ಓದಿದ್ದೆ, ನಿನ್ನ ಅಪ್ಪ ಎರಡು ಸಲ ಓದಿದ್ದರು. ಇಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಕಂಡುಹಿಡಿದವರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಅವರು ಅಷ್ಟಕ್ಕೇ ನಿಲ್ಲಿಸದೆ, ನಾನು ಅತ್ಯಂತ ಪ್ರೀತಿಯಿಂದ ಬರೆದಿದ್ದ ಜಾತ್ರೆಯ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ‘ಇದು ಇಲ್ಲದಿದ್ದರೆ ಕಥೆಗೆ ಏನು ನಷ್ಟ?’ ಎಂದು ಬರೆದಿದ್ದರು. ಹದಿನೈದು ದಿನ ಅವರೊಡನೆ ಮಾತು ಬಿಟ್ಟೆ. ಹದಿನಾರನೆಯ ದಿನ ಆ ಇಪ್ಪತ್ತೆರಡು ಪುಟಗಳನ್ನು ತೆಗೆದುಹಾಕಿದೆ. ಹಸ್ತಪ್ರತಿ ಹಿಂದೆ ಬಂದದ್ದು ಅನ್ಯಾಯವೆಂದು ನಿನಗೆ ಈಗ ಅನ್ನಿಸುತ್ತಿರಬಹುದು, ಅದು ನಿಜವೂ ಇರಬಹುದು. ಆದರೂ ನಿನ್ನ ಮೇಲೆ ಪ್ರೀತಿಯಿದ್ದೂ ದಾಕ್ಷಿಣ್ಯವಿಲ್ಲದ ಒಬ್ಬರು ಅದನ್ನು ಪೂರ್ತಿ ಓದದ ಹೊರತು ಅಚ್ಚಿಗೆ ಕೊಡಬೇಡ.

ಕರಡು ತಿದ್ದುವುದನ್ನೂ ಬೇರೆಯವರಿಗೆ ಬಿಟ್ಟುಕೊಡಬೇಡ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಾಗಿದ್ದ ನನ್ನ ಕಡತವನ್ನು, ಎಲ್ಲ ಕಂಪ್ಯೂಟರುಗಳಿಗೂ ಹೊಂದುವ ಯೂನಿಕೋಡ್ ಅಕ್ಷರಗಳಿಗೆ ಬದಲಿಸಿದಾಗ ಅರ್ಕಾವತ್ತುಗಳು ಜಾಗ ತಪ್ಪಿ, ಸೂರ್ಯನೂ ಕಾರ್ಯವೂ ಗುರುತು ಸಿಗದಂತಾಗಿದ್ದವು. ನಾಲ್ಕು ಸಲ ಕರಡು ತರಿಸಿಕೊಂಡು, ಊಟದ ಮೇಜಿನ ಮೇಲೆ ಅಡಿಕೋಲಿಟ್ಟು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದೆ. ಪುಸ್ತಕ ಡೆಮಿ ಎಂಬ ಅಳತೆಯದು. ಫಾರಂ ಎಂದರೆ ಒಟ್ಟಿಗೆ ಅಚ್ಚಾಗಿ ಮಡಿಚಿದ ಹದಿನಾರು ಪುಟಗಳ ಕಟ್ಟು, ಅಂಥವು ಹದಿಮೂರು, ಒಟ್ಟು 208 ಪುಟ. ಪ್ರತಿಗಳು ಮನೆಗೆ ಬಂದ ದಿನ ಸಂತೋಷದಲ್ಲಿ ತೆರೆದು ನೋಡಿದರೆ ಕೆಲವು ಪ್ರತಿಗಳಲ್ಲಿ ಏಳನೆಯ ಫಾರಂ ಎರಡು ಸಲ ಸೇರಿ ಎಂಟನೆಯದು ಇರಲೇ ಇಲ್ಲ. 500 ಪ್ರತಿಗಳನ್ನೂ ನಾನೂ ನಿನ್ನ ಅಪ್ಪನೂ ಕೂಡಿ ಮಗುಚಿ ನೋಡಿ, ಕೆಟ್ಟ 31 ಪ್ರತಿಗಳನ್ನು ಹಿಂದಿರುಗಿಸಿ ಬೇರೆ ಮಾಡಿಸಿಕೊಂಡೆವು. ಹಣದ ಕೊನೆಯ ಕಂತನ್ನು ಪ್ರತಿಗಳನ್ನು ನೋಡಿದ ಮೇಲೆಯೇ ಕೊಡು.

ಪುಸ್ತಕಕ್ಕೆ ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಕೊಡಿಸಲು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡಲು ಹಸ್ತಪ್ರತಿಗಳನ್ನು ಕರೆಯುವುದುಂಟು, ಅದನ್ನೂ ಗಮನಿಸು.

ಇನ್ನು ಮಾರಾಟ. ನನಗೆ ತಗುಲಿದ ಒಟ್ಟು ಖರ್ಚು 51,000 ರೂಪಾಯಿ, ಪುಸ್ತಕದ ಬೆಲೆ 220. ಅಂಗಡಿಯವರ ರಿಯಾಯಿತಿ ನೂರಕ್ಕೆ ನಲವತ್ತು ಹೋದರೆ ಕೈಗೆ ಬರುವುದು 132, ಅದೂ ಎರಡು ಮೂರು ಸಲ ನೆನಪಿಸಿದ ಮೇಲೆ. ಮೊದಲ ಅಂಗಡಿಗೆ ಹತ್ತು ಪ್ರತಿಗಳ ಚೀಲ ಹಿಡಿದು ಹೋದ ದಿನ, ಮೂವತ್ನಾಲ್ಕು ವರ್ಷ ಪಾಠ ಹೇಳಿದ ನನಗೆ ‘ಇದು ನಾನು ಬರೆದ ಪುಸ್ತಕ’ ಎಂಬ ಮಾತು ಬಾಯಿಂದ ಹೊರಡಲಿಲ್ಲ. ಆಗ ನನಗೆ ಧೈರ್ಯ ಕೊಟ್ಟವರು ನಮಗಿಂತ ಹಿಂದಿನವರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು ಮಾರಿದವರು. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು. ಮನೆಯಿಂದ ಹೊರಬರುವುದೇ ಕಷ್ಟವಾಗಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಅಷ್ಟು ಮಾಡಿರುವಾಗ, ಬರೆದದ್ದನ್ನು ಓದುಗರ ಮನೆಗೆ ಮುಟ್ಟಿಸುವ ಕೆಲಸ ಬರವಣಿಗೆಗಿಂತ ಕೀಳೆಂದು ನಾನು ಹೇಗೆ ತಿಳಿಯಲಿ?

ಈವರೆಗೆ ಹೋಗಿರುವುದು 340 ಪ್ರತಿಗಳು. ಹಾಕಿದ ದುಡ್ಡು ಕೈಸೇರಲು ಎರಡೂವರೆ ವರ್ಷ ಹಿಡಿಯಿತು. ಲಾಭವೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಅಂಚೆಯಲ್ಲಿ ಕಳುಹಿಸಿದ ಪ್ರತಿಯೊಂದು ಪ್ರತಿಯ ವಿಳಾಸವನ್ನೂ ನಾನು ಕೈಯಲ್ಲೇ ಬರೆದದ್ದರಿಂದ, ನನ್ನ ಓದುಗರು ಯಾವ ಊರಿನವರು, ಯಾವ ಬೀದಿಯವರು ಎಂಬುದು ನನಗೆ ಗೊತ್ತಿದೆ. ಒಂದು ರಾತ್ರಿ ಒಂಬತ್ತು ಗಂಟೆಗೆ ತೀರ್ಥಹಳ್ಳಿ ಕಡೆಯ ನಿವೃತ್ತ ನರ್ಸ್ ಒಬ್ಬರು ಫೋನ್ ಮಾಡಿದರು. ಶೇಷಪ್ಪನ ತಂಗಿ ಹೊಲಿಗೆಯಂತ್ರವನ್ನು ಮಾರಿ ಅಣ್ಣನ ಸಾಲ ತೀರಿಸುವ ಭಾಗವನ್ನು ಆಗಷ್ಟೇ ಓದಿ ಮುಗಿಸಿದ್ದರಂತೆ. ‘ನನ್ನ ಅಕ್ಕನನ್ನು ನೀವು ಎಲ್ಲಿ ನೋಡಿದಿರಿ?’ ಎಂದು ಕೇಳಿದವರು ಬಹಳ ಹೊತ್ತು ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಮರುದಿನ ಅಕ್ಕನ ಮಕ್ಕಳಿಗೆಂದು ಐದು ಪ್ರತಿ ತರಿಸಿಕೊಂಡರು. ನಿನಗೂ ಅಂಥದೊಂದು ಫೋನ್ ಬರಲೆಂದು ನನ್ನ ಆಸೆ.

ಹಸ್ತಪ್ರತಿಯನ್ನು ಮೊಬೈಲಿಗೆ ಕಳುಹಿಸಬೇಡ. ಹಾಳೆಯ ಒಂದೇ ಮಗ್ಗುಲಿಗೆ, ಅಂಚು ಅಗಲ ಬಿಟ್ಟು ಮುದ್ರಿಸಿ ಎರಡು ಪ್ರತಿ ಕಳುಹಿಸು. ಒಂದು ನನಗೆ, ಇನ್ನೊಂದು ಮೇಷ್ಟ್ರಿಗೆ. ಅವರಿಗೆ ನಿನ್ನೆಯೇ ಹೇಳಿದ್ದೇನೆ, ಒಪ್ಪಿದ್ದಾರೆ. ದೀಪಾವಳಿಗೆ ನೀನು ಬರುವ ಹೊತ್ತಿಗೆ ಇಬ್ಬರೂ ಓದಿ ಮುಗಿಸಿರುತ್ತೇವೆ.

ಇತಿ,
ನಿನ್ನ ಅಮ್ಮ