ಮೆದುಳಿಂದಲ್ಲ, ಟವೆಲಿಂದ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ 'ಮುಟ್ಟಿನ ದಿನಗಳಲ್ಲಿ ಮಹಿಳೆಯರ ಮೆದುಳೇ ಬದಲು' ಅಂತ ದಪ್ಪಕ್ಷರದಲ್ಲಿ ಹೆಡ್ಡಿಂಗ್ ಬಂದಿತ್ತಲ್ಲ, ಅದನ್ನ ನಮ್ಮಣ್ಣ ಬೆಳಗ್ಗೆ ಜೋರಾಗಿ ಓದಿ, ಕನ್ನಡಕದ ಮೇಲಿಂದ ನನ್ನ ನೋಡಿ "ಅದಕ್ಕೇ ಮೊನ್ನೆ ಹಂಗೆ ರೇಗಿದ್ಯಾ" ಅಂದ. ಮೊನ್ನೆ ನಾನು ರೇಗಿದ್ದು ಅವನು ಒದ್ದೆ ಟವೆಲ್ಲನ್ನ ಹಾಸಿಗೆ ಮೇಲೆ ಬಿಸಾಕಿದ್ದಕ್ಕೆ. ಮುಟ್ಟಾಗಿ ಹದಿನೈದು ದಿನ ಆಗಿತ್ತು.

ಇರ್ಲಿ, ಸಿಟ್ಟಲ್ಲೇ ಕೂತು ಈ ರಿಸರ್ಚ್ ಏನು ಅಂತ ಹುಡುಕಿ ಓದಿದೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಾಂಟಾ ಬಾರ್ಬರಾದಲ್ಲಿ ಲಾರಾ ಪ್ರಿಚೆಟ್ ಅನ್ನೋ ಸಂಶೋಧಕಿ 30 ದಿನ ಒಂದು ದಿನಾನೂ ಬಿಡದೆ ತಾನೇ ಮೆದುಳಿನ ಚಿತ್ರ ತೆಗೆಯೋ ಎಂಆರ್‌ಐ ಮೆಷಿನ್ನಲ್ಲಿ ಮಲಗಿದಾರೆ, ದಿನಾ ರಕ್ತಾನೂ ಕೊಟ್ಟಿದಾರೆ, 2020ರಲ್ಲಿ ಅದು ಪ್ರಕಟ ಆಯ್ತು. ಅದರಲ್ಲಿ ಕಂಡಿದ್ದೇನು ಅಂದ್ರೆ ಈಸ್ಟ್ರೊಜೆನ್ ಅನ್ನೋ ಹಾರ್ಮೋನು ಏರಿದಂಗೆ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಜಾಸ್ತಿ ಆಗುತ್ತೆ, ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನು ಏರಿದಾಗ ಹೆಚ್ಚಾಗಿ ಕಮ್ಮಿ ಆಗುತ್ತೆ. ಈಸ್ಟ್ರೊಜೆನ್ ತುತ್ತತುದಿಗೆ ಹೋಗೋದು ಯಾವಾಗ? ಅಂಡಾಣು ಬಿಡುಗಡೆ ಆಗೋಕೆ ಸ್ವಲ್ಪ ಮುಂಚೆ. ರಕ್ತಸ್ರಾವದ ಮೊದಲ ದಿನಗಳಲ್ಲಿ ಎರಡೂ ಹಾರ್ಮೋನು ತಳದಲ್ಲಿರುತ್ತೆ. ಅಂದ್ರೆ ನಿಮ್ಮ ಹೆಡ್ಡಿಂಗು ತಿಂಗಳ ತಪ್ಪು ವಾರಕ್ಕೆ ಹೋಗಿ ಕೂತಿದೆ!

ಇನ್ನು 'ಸಂಪರ್ಕ' ಅಂದ ತಕ್ಷಣ ಒಳಗೆ ವೈರ್ ಕಿತ್ತು ಜೋಡಿಸಿದಂಗೆ ಅಲ್ಲ. ಮೆದುಳಿನ ಯಾವ ಭಾಗ ಕೆಲಸ ಮಾಡ್ತಿದ್ಯೋ ಅಲ್ಲಿಗೆ ಆಮ್ಲಜನಕ ಇರೋ ರಕ್ತ ಹೆಚ್ಚು ಹರಿಯುತ್ತೆ, ದೂರದೂರದ ಎರಡು ಜಾಗದಲ್ಲಿ ಈ ಏರಿಳಿತ ಒಟ್ಟೊಟ್ಟಿಗೆ ಆದ್ರೆ ಅವೆರಡೂ ಮಾತಾಡಿಕೊಳ್ತಿವೆ ಅಂತ ಲೆಕ್ಕ, ಅಷ್ಟೇ. ಅದರಿಂದ ಬುದ್ಧಿ ಕಮ್ಮಿ ಆಯ್ತು, ತೀರ್ಮಾನ ಕೆಟ್ಟೋಯ್ತು ಅಂತ ಯಾವ ಸ್ಕ್ಯಾನೂ ಹೇಳಲ್ಲ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ 2025ರ ವಿಶ್ಲೇಷಣೇಲೂ ಗಮನ, ನೆನಪಿನ ಶಕ್ತಿ ಇಂಥದ್ದೆಲ್ಲ ಮುಟ್ಟಿನ ಚಕ್ರದ ಜೊತೆ ಏರಿಳಿಯುತ್ತೆ ಅನ್ನೋಕೆ ಗಟ್ಟಿ ಆಧಾರ ಸಿಗಲಿಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ನಿಜಕ್ಕೂ ನರಳೋರು ಇದಾರೆ, ತೀವ್ರವಾದ್ರೆ ಅದನ್ನ ಪಿಎಂಡಿಡಿ ಅಂತಾರೆ, ಅವರಿಗೆ ಬೇಕಾಗಿರೋದು ಡಾಕ್ಟ್ರು, ಮನೆಮಂದಿ ಜೋಕಲ್ಲ.

ಹಳೇ ಕಥೆ ಇನ್ನೂ ಚೆನ್ನಾಗಿದೆ. ಹೆಣ್ಣಿಗೆ ಚಕ್ರ ಇದೆ, ಲೆಕ್ಕ ಏರುಪೇರಾಗುತ್ತೆ ಅಂತ ವಿಜ್ಞಾನಿಗಳು ವರ್ಷಾನುಗಟ್ಟಲೆ ಗಂಡು ಇಲಿಗಳ ಮೇಲೇ ಪ್ರಯೋಗ ಮಾಡಿದ್ರು. 2009ರ ಪ್ರಕಟಣೆಗಳನ್ನ ಎಣಿಸಿದಾಗ ನರವಿಜ್ಞಾನದಲ್ಲಿ ಬರೀ ಹೆಣ್ಣು ಪ್ರಾಣಿ ಇಟ್ಟ ಒಂದು ಅಧ್ಯಯನಕ್ಕೆ ಬರೀ ಗಂಡು ಇಟ್ಟಿದ್ದು ಐದೂವರೆ! ಅಂದ್ರೆ ಏರುಪೇರನ್ನ ಅಳೆಯೋ ಬದಲು ಅದನ್ನೇ ನೆಪ ಮಾಡ್ಕೊಂಡು ಹೆಣ್ಣನ್ನ ಹೊರಗಿಟ್ರು.

ಆಮೇಲೆ ಸಾಂಟಾ ಬಾರ್ಬರಾದ ಅದೇ ತಂಡ 2024ರಲ್ಲಿ ಒಬ್ಬ ಗಂಡಸನ್ನೂ ತಿಂಗಳು ಪೂರ್ತಿ ಕೆಲವೊಮ್ಮೆ ಬೆಳಗ್ಗೆ, ಕೆಲವೊಮ್ಮೆ ಸಂಜೆ ಸ್ಕ್ಯಾನ್ ಮಾಡಿದ ವರದಿ ಕೊಡ್ತು. ಟೆಸ್ಟೊಸ್ಟಿರಾನ್ ಅನ್ನೋ ಹಾರ್ಮೋನು ಬೆಳಗ್ಗೆ ಜಾಸ್ತಿ, ರಾತ್ರಿಗೆ ಕಮ್ಮಿ, ಮೆದುಳಿನ ಸಂಪರ್ಕಾನೂ ಅದರ ಜೊತೆ ಬದಲಾಗ್ತಿತ್ತು. ನಮ್ದು ತಿಂಗಳಿಗೊಂದು ಚಕ್ರ, ಅವರದ್ದು ದಿನಕ್ಕೊಂದು. ದಯವಿಟ್ಟು ಇದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಹಾಕಿ. ಭಾನುವಾರ ಆದ್ರೆ ಒಳ್ಳೇದು, ಅವತ್ತು ಅಣ್ಣ ಪೇಪರ್ ಪೂರ್ತಿ ಓದ್ತಾನೆ.

ಇಂತಿ,
ನಿಮ್ಮ ಹಳೇ ಓದುಗರಲ್ಲೊಬ್ಬಳು